ಗೇಟಿನ ಬಳಿಯ ಮೆಣಸಿನ ಬಳ್ಳಿ

ಗೇಟಿನ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಈ ಬೇಸಿಗೆಯಲ್ಲೂ ಬಾಡಿದೆ. ಬೆಳಿಗ್ಗೆ ಅದರದೊಂದು ಎಲೆ ಕಿತ್ತು, ಬೆರಳಲ್ಲಿ ಹಿಸುಕಿ ಮೂಸಿದೆ. ಮನು ನೆನಪಾದ. ಕುಶಾಲನಗರದ ಈ ಕಡೆ ಮಳೆ ಕಡಿಮೆ, ಮಾರ್ಚ್‌ನಲ್ಲಿ ಬಳ್ಳಿ ಬಾಡುವುದು ಸುದ್ದಿಯೇನಲ್ಲ. ಆದರೆ ಒಂದು ವರ್ಷ ತೋಟವೆಲ್ಲ ಒಣಗಿದ್ದಾಗ ಇದೊಂದೇ ಹಸಿರಾಗಿತ್ತು, ನಾನು ಬೀಗಿದ್ದೇ ಬೀಗಿದ್ದು. ಆ ಕತೆ ಹೇಳಿಬಿಡುತ್ತೇನೆ, ಕೇಳಿ.

ಮನು ನನ್ನ ತಂಗಿ ಸರೋಜಳ ಮಗ. ನಮ್ಮ ಮನೆಯಲ್ಲೇ ಬೆಳೆದವನು. ಹುಟ್ಟಿದಾಗ ಅವನ ಹೊಟ್ಟೆಯ ಚರ್ಮ ಸುಕ್ಕುಗಟ್ಟಿ, ಒಳಗೆ ಕರುಳು ಅಲುಗಾಡುವುದು ಕಾಣುವಷ್ಟು ತೆಳ್ಳಗಿತ್ತು. ಸರೋಜ ಬಸುರಿಯಲ್ಲಿ ಸರಿಯಾಗಿ ಉಂಡಿಲ್ಲವೆಂದು ನಮ್ಮಮ್ಮ ಅವಳ ತಟ್ಟೆಗೆ ತುಪ್ಪದ ಮೇಲೆ ತುಪ್ಪ ಸುರಿದಳು. ಮೈಸೂರಿನ ಡಾಕ್ಟರಮ್ಮ ಪ್ರೂನ್ ಬೆಲ್ಲಿ ಸಿಂಡ್ರೋಮ್ ಎಂದರು. ಪ್ರೂನ್ ಎಂದರೆ ಒಣಗಿಸಿದ ಒಂದು ಹಣ್ಣಂತೆ. ಒಣದ್ರಾಕ್ಷಿಯ ಅಣ್ಣನಿರಬೇಕು ಎಂದುಕೊಂಡೆ. ಹೊಟ್ಟೆಯ ಸ್ನಾಯು ಸರಿಯಾಗಿ ಬೆಳೆದಿಲ್ಲ, ವೃಷಣಗಳು ಕೆಳಗಿಳಿದಿಲ್ಲ, ಅದಕ್ಕೆ ಆಪರೇಷನ್ ಇದೆ. ನಿಜವಾದ ಚಿಂತೆ ಮೂತ್ರಕೋಶದ್ದು ಎಂದು ಅವರು ಬಿಡಿಸಿ ಹೇಳಿದರು. ಅದು ಸಡಿಲ, ಪೂರ್ತಿ ಖಾಲಿಯಾಗುವುದಿಲ್ಲ. ಉಳಿದದ್ದರಲ್ಲಿ ಸೋಂಕಾಗಿ ಮೇಲಕ್ಕೆ ಹತ್ತಿದರೆ ಕಿಡ್ನಿ ಹಾಳಾಗುತ್ತದೆ.

ಆಪರೇಷನ್ ಅವನು ಮಗುವಾಗಿದ್ದಾಗಲೇ ಆಯಿತು. ಮಿಕ್ಕದ್ದು ಮನೆಯ ಕೆಲಸ: ದಿನಾ ಔಷಧಿ, ಹೊತ್ತುಹೊತ್ತಿಗೆ ಕೈ ತೊಳೆದು ತೆಳ್ಳನೆಯ ಟ್ಯೂಬು ಹಾಕಿ ಮೂತ್ರ ತೆಗೆಯುವುದು, ಚೆನ್ನಾಗಿ ನೀರು ಕುಡಿಸುವುದು. ಮಲಗಿದಲ್ಲಿಂದ ಮನು ನೇರ ಏಳಲಾರ. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ ಏಳುತ್ತಿದ್ದ. ಕೆಮ್ಮಿ ಕಫ ತೆಗೆಯಲು ಹೊಟ್ಟೆಯಲ್ಲಿ ಬಲವಿಲ್ಲದ್ದರಿಂದ ಅವನಿಗೆ ನೆಗಡಿಯಾದರೂ ನಮಗೆ ನಿದ್ದೆಯಿಲ್ಲ. ಮಿಕ್ಕಂತೆ ಮಹಾ ತರಲೆ. ನೆಂಟರ ಮುಂದೆ ನನ್ನ ಗೊರಕೆಯನ್ನು ಥೇಟ್ ನನ್ನ ಹಾಗೇ ಹೊಡೆದು ತೋರಿಸುತ್ತಿದ್ದ.

ಮೂರನೇ ಕ್ಲಾಸಿಗೆ ಬರುವಾಗ ಟ್ಯೂಬು ತಾನೇ ಹಾಕಿಕೊಳ್ಳಲು ಕಲಿತ. ಹೆಡ್‌ಮಿಸ್ಸು ಟೀಚರುಗಳ ಬಾತ್‌ರೂಮಿನ ಕೀ ಕೊಟ್ಟರು. ಗೆದ್ದೆವು ಎಂದುಕೊಂಡೆವು. ಆ ವರ್ಷವೇ ಮೇಲಿಂದ ಮೇಲೆ ಜ್ವರ. ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಒಂದು ಕಿಡ್ನಿ ಸೊರಗುತ್ತಿದೆ, ಹೀಗೇ ಆದರೆ ಮುಂದೆ ಡಯಾಲಿಸಿಸ್ ಎಂದರು. ನೀರು ಕುಡಿಯುತ್ತಾನೆಯೇ ಎಂದು ಕೇಳಿದರು. ಬಾಟಲಿ ದಿನಾ ಖಾಲಿಯಾಗಿಯೇ ಬರುತ್ತದೆ ಎಂದು ಸರೋಜ ಆಣೆ ಮಾಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ರಿಪೋರ್ಟನ್ನು ಮತ್ತೆ ಮತ್ತೆ ತೆಗೆದು ಓದಿದಳು.

ಭಯವಾದಾಗ ನಾನು ಜಂಬ ಕೊಚ್ಚುತ್ತೇನೆ, ನನ್ನ ಸ್ವಭಾವವೇ ಹಾಗೆ. ಗೇಟಿನ ಬಳ್ಳಿಯ ಹಸಿರು ನಾನು ಕಂಡುಹಿಡಿದ ಹೊಸ ಗೊಬ್ಬರದ ಮಹಿಮೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಮ್ಮತ್ತಿಯಲ್ಲಿ ತೋಟವಿರುವ ಗೆಳೆಯ ಉತ್ತಯ್ಯ ಗುಟ್ಟು ತಿಳಿಯಲೆಂದೇ ಜೀಪು ಹತ್ತಿ ಬಂದ. ಬೇವಿನ ಹಿಂಡಿ, ಹುಳಿ ಮಜ್ಜಿಗೆ ಎಂದು ನಾನು ಮರದ ಕೆಳಗೆ ಭಾಷಣ ಬಿಗಿಯುತ್ತಿದ್ದರೆ, ಅವನು ಕುಕ್ಕರಗಾಲಲ್ಲಿ ಕೂತು ಬುಡದ ತರಗೆಲೆ ಸರಿಸಿ ಮಣ್ಣು ಮುಟ್ಟಿದ.

"ಗೊಬ್ಬರ ಎಲ್ಲ ಸರಿ ಮಾರಾಯ, ಇದಕ್ಕೆ ನೀರು ಯಾರು ಹಾಕ್ತಾರೆ?"

ಯಾರೂ ಹಾಕುತ್ತಿರಲಿಲ್ಲ. ಆದರೆ ಮಣ್ಣು ಒದ್ದೆಯಿತ್ತು. ಅಷ್ಟರಲ್ಲಿ ಸ್ಕೂಲ್ ವ್ಯಾನು ಬಂತು. ಮನು ಇಳಿದವನೇ ಅಭ್ಯಾಸಬಲದಿಂದ ಬಾಟಲಿಯ ಮುಚ್ಚಳ ತಿರುಗಿಸುತ್ತ ಮರದತ್ತ ಬಂದ, ನಮ್ಮನ್ನು ಕಂಡು ನಿಂತ. ಬಾಟಲಿ ತುಂಬಿತ್ತು. ಉತ್ತಯ್ಯ ಬುದ್ಧಿವಂತ, ಜೀಪಿನಲ್ಲಿ ಏನೋ ಮರೆತವನಂತೆ ಎದ್ದು ಹೋದ.

"ಕುಡುದ್ರೆ ಟ್ಯೂಬ್ ಹಾಕ್ಕೋಬೇಕಲ್ಲ ಮಾವ. ಕೀ ಇಸ್ಕೊಂಡು ಎಲ್ಲಿಗ್ ಹೋಗ್ತೀಯ ಅಂತ ಎಲ್ರೂ ಕೇಳ್ತಾರೆ. ಬಾಟ್ಲು ತುಂಬಿದ್ರೆ ಅಮ್ಮ ಅಳ್ತಾಳೆ."

ಸಿಟ್ಟು ಬರಲಿಲ್ಲ. ಡಾಕ್ಟರಮ್ಮ ನಮಗೆ ಹೇಳಿದ್ದರು, ನಾವು ನೆಂಟರಿಗೆ ಹೇಳಿದ್ದೆವು. ಕಾಯಿಲೆ ಯಾರದೋ ಅವನಿಗೆ ಮಾತ್ರ ಯಾಕೆ ಏನು ಎಂದು ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಹೋದ ಮಳೆಗಾಲ ನಮ್ಮ ಶುಂಠಿ ಯಾಕೆ ಕೊಳೆಯಿತು ಎಂದು ಕೇಳಿದೆ. ಮಡಿಯಲ್ಲಿ ನೀರು ನಿಂತಿತ್ತು ಎಂದ.

"ನಿನ್ನೊಳಗೂ ಅಷ್ಟೇ ಕಣೋ. ಹೊಸ ನೀರು ಬರ್ತಾ ಇರ್ಬೇಕು, ಹಳೇದು ಪೂರ್ತಿ ಹೋಗ್ಬೇಕು. ನಿಂತ್ರೆ ಕಿಡ್ನಿ ಕೊಳೀತದೆ."

ಅವನು ಕೈಯಲ್ಲಿದ್ದ ಬಾಟಲಿ ನೋಡಿದ. "ಹಂಗಾದ್ರೆ ಈ ಬಳ್ಳಿಗೆ?" ಎಂದ. ಅದರ ಪಾಡು ಅದು ನೋಡಿಕೊಳ್ಳುತ್ತದೆ ಎಂದೆ. ಆಮೇಲೆ ಕ್ಲಾಸಿನಲ್ಲಿ ಕೇಳಿದವರಿಗೆಲ್ಲ, ಶುಂಠಿ ಮಡಿಯ ನೀರು ಬಿಡೋಕೆ ಹೋಗ್ತೀನಿ ಎಂದನಂತೆ. ರೈತರ ಮಕ್ಕಳು, ಅರ್ಥವಾಗಿರಬೇಕು, ಮತ್ತೆ ಕೇಳಲಿಲ್ಲ.

ಮನು ಈಗ ಗೋಣಿಕೊಪ್ಪಲಿನಲ್ಲಿ ಕಾಲೇಜು ಓದುತ್ತಾನೆ. ಆ ಕಿಡ್ನಿ ಸಣ್ಣದಾಗಿಯೇ ಉಳಿದಿದೆ, ಆದರೆ ಮತ್ತೆ ಸೊರಗಿಲ್ಲ. ಟ್ಯೂಬೂ ತಪಾಸಣೆಯೂ ನಡೆದೇ ಇವೆ. ಅಂದಿನಿಂದ ನಾನು ಈ ಬಳ್ಳಿಗೆ ಹನಿ ನೀರು ಹಾಕಿದವನಲ್ಲ. ಪ್ರತಿ ಮಾರ್ಚ್‌ನಲ್ಲೂ ಬಂದು ನೋಡುತ್ತೇನೆ. ಬಾಡಿದ್ದರೆ ನೆಮ್ಮದಿಯಿಂದ ಮನೆಗೆ ಹೋಗುತ್ತೇನೆ. ಅವನು ಹಾಸ್ಟೆಲು ಸೇರಿದ ಮೇಲೂ ಈ ಚಾಳಿ ಬಿಟ್ಟಿಲ್ಲ.

ನಿನ್ನೆ ಬಂದಿದ್ದ. ಹೊರಡುವಾಗ ಬಾಟಲಿಗೆ ನೀರು ತುಂಬಿಕೊಂಡು, ಗೇಟಿನ ಬಳಿ ನಿಂತು ಬಳ್ಳಿಯನ್ನೂ ನನ್ನನ್ನೂ ನೋಡಿ ನಕ್ಕ.

"ನಾನು ಕುಡೀತಿದೀನಿ ಮಾವ. ಇನ್ನಾದ್ರೂ ಇದಕ್ಕೆ ನೀರ್ ಹಾಕಿ."

ಇವತ್ತು ಬೆಳಿಗ್ಗೆ ಹಿಸುಕಿದ ಎಲೆಯ ವಾಸನೆ ಇನ್ನೂ ಬೆರಳಲ್ಲಿತ್ತು. ಒಳಗೆ ಹೋಗಿ ಒಂದು ಕೊಡ ನೀರು ತಂದು ಬುಡಕ್ಕೆ ಸುರಿದೆ.