ಅಂಟಿಸದ ಚಕ್ರ

ಆಸ್ಟ್ರೇಲಿಯಾದ ಜೀಲಾಂಗಿನ ಮರ್ವ್ ಟಲ್ಲಕ್ ನಿಜವಾದ ಯುದ್ಧ ಟ್ಯಾಂಕಿನ ಮುಂದೆ ನಿಂತರೂ "ಬೋಲ್ಟು ಸ್ವಲ್ಪ ದಪ್ಪ ಆಯ್ತು" ಅನ್ನುವ ಆಸಾಮಿ. ಅವನ ಪಾಲಿಗೆ ಅಸಲಿ ಅಂದರೆ ಅಂಗೈ ಮೇಲೆ ಕೂರುವಂಥದ್ದು. ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿರುವುದೆಲ್ಲ ಅದರ ಹಿಗ್ಗಿಸಿದ ನಕಲು. ಅವನ ಮನೆಯ ಶೆಡ್ಡಿನ ತುಂಬ ಗೇಣುದ್ದದ ಯುದ್ಧವಿಮಾನಗಳು, ಕಾರಿಗೆ ಮಾತ್ರ ಹೊರಗೆ ಬಿಸಿಲು. ಬಿಸಿಲಿಗೆ ಕಾರಿನ ಬಣ್ಣ ಮಾಸಿದಾಗ ಅವನಿಗೆ ಬೇಜಾರಾಗಲಿಲ್ಲ, ತನ್ನ ಪುಟ್ಟ ಮರುಭೂಮಿ ಟ್ರಕ್ಕಿಗೆ ಇದೇ ಬಣ್ಣ ಬೇಕಿತ್ತು ಅಂತ ಪಕ್ಕದಲ್ಲೇ ಕೂತು ಅದನ್ನೇ ನೋಡಿ ಬೆರೆಸಿಕೊಂಡ. ಹೆಂಡತಿ ನೋರೀನ್ ಹಲ್ಲುಜ್ಜುವ ಬ್ರಷ್ಷು ಹುಡುಕಿದರೆ ಅದು ಯಾವುದೋ ಟ್ಯಾಂಕಿಗೆ ಕೆಸರು ಬಳಿಯುತ್ತಿರುತ್ತಿತ್ತು. "ಈಗಿನವರು ಇಂಥವನ್ನೆಲ್ಲ ಮೆಷಿನ್ನಲ್ಲೇ ಪ್ರಿಂಟ್ ಹೊಡ್ಕೋತಾರೆ. ನಿನ್ನ ಈ ಸೈನ್ಯ ಮುಂದೆ ಯಾರಿಗೆ ಬೇಕೋ ಮಾರಾಯ?" ಅಂತ ಅವಳು ಕೇಳಿದಾಗೆಲ್ಲ "ಬರ್ತಾರೆ ಇರು" ಅನ್ನುವುದೇ ಅವನ ಉತ್ತರ. ಆದರೆ ಈಚೆಗೆ ಅವಳಿಗೆ ಒಂದು ಕುತೂಹಲ ಹತ್ತಿತ್ತು: ಹೊಸದಾಗಿ ಕಟ್ಟಿದ ಪ್ರತಿಯೊಂದಕ್ಕೂ ಒಂದು ಚಕ್ರ ಅಂಟಿಸದೆ, ಪಕ್ಕದಲ್ಲೊಂದು ಬಾಟಲಿ ಮುಚ್ಚಳದಲ್ಲಿ ಇಟ್ಟಿರುತ್ತಿದ್ದ. "ಗೋಂದು ಖಾಲಿನಾ?" ಅಂದಳು. ಮರ್ವ್ ಕನ್ನಡಕ ಹಣೆಗೇರಿಸಿದ. "ನಮ್ಮ ಮಾಡೆಲ್ ಕಟ್ಟೋರ ಕ್ಲಬ್ಬಿನ ಕಟ್ಟಳೆ ಗೊತ್ತಲ್ಲ. ಒಬ್ಬ ಸತ್ರೆ, ಅವನು ಅರ್ಧಕ್ಕೆ ಬಿಟ್ಟಿದ್ದನ್ನ ಉಳಿದೋರು ಅವನ ಮನೆಗೇ ಬಂದು ಮುಗಿಸ್ಬೇಕು. ಒಬ್ಬೊಬ್ಬರು ಒಂದೊಂದೇ. ಈಗ ಆ ಪ್ರಿಂಟ್ ಹೊಡೆಯೋರೂ ಸೇರ್ಕೊಂಡಿದಾರೆ, ಅವರೂ ಬರ್ತಾರೆ." "ಬಂದು?" "ಬಂದು ಏನು, ಚಕ್ರ ಅಂಟಿಸ್ತಾರೆ. ಅಂಟು ಒಣಗೋವರೆಗೂ ಎದ್ದು ಹೋಗೋ ಹಾಗಿಲ್ಲ. ಅಷ್ಟು ಹೊತ್ತು ನಿನ್ನ ಟೀಗೆ ಜೊತೆ ಇರತ್ತೆ."