ಆಯ್ತು ಎಂದ ಶಿಲ್ಪಶ್ರೀ

ನನ್ನ ಮಗಳು ಶಿಲ್ಪಶ್ರೀಗೆ ಆರನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತು. ದಿನಾ ಇನ್ಸುಲಿನ್ ಬೇಕು. ಒಂಬತ್ತಕ್ಕೆಲ್ಲ ಸೂಜಿ ತಾನೇ ಚುಚ್ಚಿಕೊಳ್ಳುವುದು ಕಲಿತಳು. ಒಂದು ದಿನವೂ ಅತ್ತವಳಲ್ಲ. ಜೋರಾಗಿ ಮಾತಾಡಿದವಳೂ ಅಲ್ಲ. ಮುತ್ತಿನಕೊಪ್ಪದಲ್ಲಿ ಎಲ್ಲರೂ, ಲಗೇಜ್ ಆಟೋದವನ ಮಗಳು ಎಂದರೆ ಹಾಗಿರಬೇಕು ಎನ್ನುತ್ತಿದ್ದರು. ನಾನು ಬೀಗುತ್ತಿದ್ದೆ.

ಕಳೆದ ವರ್ಷ ಒಂದು ಕಂಪನಿಯವರು ಇಂಥ ಮಕ್ಕಳ ಮನೆಗೆ, ತಿಂಡಿ-ಸೂಜಿ ನೆನಪಿಸುವ ರೋಬೋಟ್ ಒಂದನ್ನು ಪ್ರಯೋಗಕ್ಕೆಂದು ಕೊಟ್ಟರು. ಮೊಣಕಾಲೆತ್ತರ, ದುಂಡು ಕಣ್ಣು, ಕನ್ನಡ ಮಾತು. ಹೊರದೇಶದ ಮಕ್ಕಳು ಅದರ ತಲೆಗೆ ಮೊಟಕಿ, ಎದುರು ವಾದ ಮಾಡುತ್ತಾರಂತೆ. ನಮ್ಮವಳು ಅದು ಬಾಯಿ ತೆರೆದ ಕೂಡಲೇ ಎದ್ದು ಕೈಕಟ್ಟಿ ನಿಂತಳು. ನನ್ನ ಅವ್ವ ವೀರಬಸಮ್ಮ ಅದಕ್ಕೊಂದು ಮಣೆ ಹಾಕಿದಳು.

"ಅದು ಮಿಷನ್ನು ಕಣವ್ವಾ."

"ಎಂತದಾದ್ರೂ ಆಗ್ಲಿ ಮಾರಾಯ, ಮನೆಗೆ ಬಂದದ್ದಲ್ವಾ?"

ಒಂದು ಬೆಳಿಗ್ಗೆ ನಾನೂ ಹೆಂಡತಿಯೂ ಕೆಲಸಕ್ಕೆ ಹೋಗಿದ್ದೆವು. ಅವ್ವ ಕಡುಬು ಬೇಯಲಿಟ್ಟು ಹಿತ್ತಲಲ್ಲಿದ್ದಳು. ರೋಬೋಟ್, "ತಿಂಡಿ ಆಯ್ತಾ?" ಎಂದು ಕೇಳಿತು. ಶಿಲ್ಪಶ್ರೀ "ಆಯ್ತು" ಎಂದಳು. ಸೂಜಿ ಹಾಕಿಕೋ ಎಂದಿತು. ಹಾಕಿಕೊಂಡಳು.

ಕಡುಬು ಬೆಂದ ಮೇಲೆ ಅವ್ವ ಕರೆದಳು. "ಬೇಡಜ್ಜಿ. ಆಯ್ತು ಅಂದ್ಬಿಟ್ಟೀನಿ. ಈಗ ಅದರೆದುರು ಹೆಂಗೆ ತಿನ್ನೋದು?"

"ಎಲಾ ಮರ್ಯಾದಸ್ತೆ!" ಎಂದು ಅವ್ವ ನಕ್ಕಳು. ಸೂಜಿ ಆಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಹುಡುಗಿ ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಹೋಯಿತು.

ಪ್ರಾರ್ಥನೆಯ ಸಾಲಿನಲ್ಲೇ ಬಿದ್ದಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಸೂಜಿ ಹಾಕಿಕೊಂಡು ತಿನ್ನದೆ ಸಕ್ಕರೆ ಇಳಿದು ಮೆದುಳಿಗೆ ಪೆಟ್ಟಾಗಿದೆ ಎಂದರು. ಜೀವ ಉಳಿಯಿತು, ಮಾತು ಉಳಿಯಲಿಲ್ಲ.

ರೋಬೋಟ್ ವಾಪಸು ಒಯ್ಯಲು ಕಂಪನಿಯವನೊಬ್ಬ ಬಂದ. "ಬೇರೆ ದೇಶದಲ್ಲಿ ಮಕ್ಕಳು ತಿಂದಿಲ್ಲ ಅಂದ್ರೆ ತಿಂದಿಲ್ಲ ಅಂತಾರೆ ಸರ್. ನಿಮ್ಮ ಮಗಳು ಯಾಕೆ ಸುಳ್ಳು ಹೇಳಿದ್ಲು?"

ಅವನ ಕಾಲರ್ ಹಿಡಿದೆ. "ಸುಳ್ಳಾ? ಮರ್ಯಾದೆ ಕಣೋ ಅದು! ಕಲಿಸಿದ್ದು ನಾನು!"

ಹಾಗೆಂದವನೇ ಕೈ ಬಿಟ್ಟೆ. ಅವಳು ಐದು ವರ್ಷದವಳಿದ್ದಾಗ ನೆಂಟರ ಮನೆಯಲ್ಲಿ, ಊಟ ಆಯ್ತಾ ಎಂದು ಕೇಳಿದವರಿಗೆ "ಇಲ್ಲ, ಹಸಿವು" ಎಂದಿದ್ದಳು. ಮನೆಗೆ ಬಂದು ಕೆನ್ನೆಗೆ ಬಾರಿಸಿದ್ದೆ. ಯಾರೇ ಕೇಳಲಿ, ಆಯ್ತು ಅನ್ನಬೇಕು ಎಂದು.

ಈಗ ಗಂಜಿ ನಾನೇ ತಿನ್ನಿಸುತ್ತೇನೆ. ಚಮಚ ಹತ್ತಿರ ಬಂದರೆ ಬಾಯಿ ತೆರೆಯುತ್ತಾಳೆ. ಸಾಕಾ ಎಂದರೆ ಹೂಂ ಇಲ್ಲ, ಊಹೂಂ ಇಲ್ಲ. ಎಲ್ಲಿಗೆ ನಿಲ್ಲಿಸಬೇಕೋ ನನಗೆ ತಿಳಿಯುವುದಿಲ್ಲ.