ಡ್ರೈವರ್ ಕದರಪ್ಪನ ಡೈನಮೊ ಪಾಂಡಿತ್ಯ

ಮರ್ಯಾದೆ ಕೊಡಬೇಕೆನ್ನಿಸುವ ಒಬ್ಬ ಮನುಷ್ಯನೂ ಮಧುಗಿರಿಯಲ್ಲಿ ಡ್ರೈವರ್ ಕದರಪ್ಪನ ಕಣ್ಣಿಗೆ ಬಿದ್ದಿರಲಿಲ್ಲ. ಗಾಡಿ ಹೊಡೆಯುವವರು ಎತ್ತಿನ ಬಾಲ ಹಿಡಿದೇ ಹುಟ್ಟಿದವರು. ಸರ್ವಿಸ್ ಬಸ್ಸಿನ ಸಂಜೀವಯ್ಯ ಸ್ಟೀರಿಂಗನ್ನು ರಾಗಿಕಲ್ಲು ತಿರುಗಿಸಿದಂತೆ ತಿರುಗಿಸುವವನು. ಶಿರಾದ ರಿಪೇರಿಯವರಿಗೆ ಸುತ್ತಿಗೆ ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ಕೊರಟಗೆರೆಯವರಂತೂ ಕಾರು ಕಂಡರೆ ಈಗಲೂ ಬೇಲಿ ಹಾರುವ ಜನ. ತಾನು ಹುಟ್ಟಿದ ಪಾವಗಡದ ಹೊಸಕೋಟೆಯವರ ಮಾತೇ ಬೇಡ. ಅವರನ್ನು ನೆನೆದರೆ ನಾಲಿಗೆಗೆ ತೆಲುಗು ಬಂದುಬಿಡುತ್ತದೆಂದು ನೆನೆಯುವುದನ್ನೇ ಬಿಟ್ಟಿದ್ದ.

ಈ ಜಂಬಕ್ಕೆಲ್ಲ ಬಂಡವಾಳ, ಬೆಂಗಳೂರು ದಂಡಿನ ಯಾವುದೋ ಗ್ಯಾರೇಜಿನಲ್ಲಿ ಒಂದು ಮಳೆಗಾಲ ಕಾರಿನ ಚಕ್ರ ತೊಳೆದದ್ದು. ಅಲ್ಲಿಂದ ಅವನು ಹೊತ್ತು ತಂದದ್ದು ಒಂದು ಖಾಕಿ ಕೋಟು, ಮತ್ತೆ ಡೈನಮೊ, ಕಟೌಟು, ಆಮೀಟರು ಎಂಬ ಮಾತುಗಳು. ಮಂಡಿ ಶಂಕರಲಿಂಗಪ್ಪನಿಗೆ ಅಷ್ಟೇ ಸಾಕಾಯಿತು. ಕಡಲೆಕಾಯಿ, ಹುಣಸೆಹಣ್ಣಿನ ವ್ಯಾಪಾರದಲ್ಲಿ ಚೆನ್ನಾಗಿ ಮಾಡಿಕೊಂಡಿದ್ದ ಆತ ತಂದೆಯ ಕಾಲದ ಗಾಡಿಗಳನ್ನೆಲ್ಲ ಮಾರಿ, ಪಿಂಚಣಿ ಪಡೆದ ಯಾರೋ ಅಧಿಕಾರಿಯ ಹಳೆಯ ಕಾರನ್ನು ಕೊಂಡು ತಂದು, ಅದನ್ನು ಓಡಿಸುವವರು ಯಾರೆಂದು ಆಮೇಲೆ ಯೋಚಿಸಿದ ಮನುಷ್ಯ. ಕದರಪ್ಪ ಕೋಟು ತೊಟ್ಟು ಬಂದು ನಿಂತ, ಕೆಲಸ ಸಿಕ್ಕಿತು.

ಆ ಮನೆಯಲ್ಲಿ ಅವನು ಎಲ್ಲರಿಗಿಂತ ಹೆಚ್ಚು ಸಸಾರ ಮಾಡುತ್ತಿದ್ದದ್ದು ಯಜಮಾನನ ತಾಯಿ ಬಸವಮ್ಮನವರನ್ನು. ಗಾಡಿಗಳಿದ್ದ ಕಾಲದಲ್ಲಿ ಆಕೆ ಸೋಮವಾರ ಲಿಂಗಪೂಜೆ ಮುಗಿಸಿ, ಗಾಡಿಗಳು ಹೊರಡುವ ಮುಂಚೆ ಒಂದೊಂದು ಅಚ್ಚಿಗೂ ತಾವೇ ನಿಂತು ಕೀಲೆಣ್ಣೆ ಹಾಕುತ್ತಿದ್ದವರು. ಗಾಡಿ ಕಿರುಗುಟ್ಟಿಕೊಂಡು ಬೀದಿಗೆ ಬಿದ್ದರೆ, ಈ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೆಂದು ಊರವರು ತಿಳಿಯುತ್ತಾರೆ ಎಂಬುದು ಅವರ ಎಣಿಕೆ. ಗಾಡಿಗಳು ಹೋದರೂ ಕೀಲೆಣ್ಣೆಯ ಬಿದಿರಿನ ಗೊಟ್ಟ ಮಾತ್ರ ಅಡುಗೆಮನೆಯ ಹಿಂದಿನ ಗೂಟದಲ್ಲಿ ತೂಗುತ್ತಲೇ ಇತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಕಾರು ಕೀಚಲು ದನಿಯಲ್ಲಿ ಕೂಗತೊಡಗಿತು.

"ಕದರಪ್ಪ, ಕಾರು ಅಳ್ತೈತಲ್ಲಪ್ಪ," ಎಂದರು ಬಸವಮ್ಮ. "ಒಳಗೆ ಒಂದು ಪಟ್ಟಿ ಸುತ್ತುತ್ತಲ್ಲ, ಅದೇ ಕಣಪ್ಪ ಕೂಗೋದು."

ಆಕೆ ಹೇಳಿದ್ದು ಸರಿಯಾಗಿಯೇ ಇತ್ತು. ಇಂಜಿನ್ನಿನ ಜೊತೆಗೆ ಫ್ಯಾನನ್ನೂ, ಕರೆಂಟು ಹುಟ್ಟಿಸುವ ಡೈನಮೊವನ್ನೂ ತಿರುಗಿಸುವ ರಬ್ಬರ್ ಪಟ್ಟಿ ಸಡಿಲವಾಗಿತ್ತು. ಒಂದು ಬೋಲ್ಟು ಬಿಚ್ಚಿ, ಪಟ್ಟಿ ಎಳೆದು ಬಿಗಿದರೆ ಆಗುತ್ತಿತ್ತು. ಆದರೆ ಎತ್ತಿನ ಗಾಡಿಯ ಕಾಲದ ಮುದುಕಿ ಹೇಳಿದಳೆಂದು ಬಗ್ಗಿ ನೋಡಿದರೆ ಕೋಟಿನ ಮಾನ ಏನಾಗಬೇಕು?

"ಅಳ್ತೈತಾ? ಅಂಗಾರೆ ನಿಮ್ಮ ಗಾಡಿಗೆ ಹಾಕ್ತಿದ್ರಲ್ಲ ಕೀಲೆಣ್ಣೆ, ಅದನ್ನೇ ಹಾಕ್ಬುಡಿ ಅಮ್ಮೋರೇ, ಸುಮ್ಕಾಯ್ತದೆ," ಎಂದು ಕದರಪ್ಪ ಜಗಲಿಯಲ್ಲಿದ್ದವರಿಗೆಲ್ಲ ಕೇಳುವಂತೆ ನಕ್ಕ.

ಬಸವಮ್ಮ ನಗಲಿಲ್ಲ. "ಆಗ್ಲಪ್ಪ," ಎಂದು ಒಳಗೆ ಹೋದರು.

ಕೂಗೇನೋ ನಿಂತಿತು. ಯಾಕೆ ನಿಂತಿತೆಂದು ಕದರಪ್ಪ ಕೇಳಿಕೊಳ್ಳಲಿಲ್ಲ; ತನಗೆ ಹೆದರಿ ನಿಂತಿತೆಂದುಕೊಂಡನೋ ಏನೋ, ಅಂಥ ಮನುಷ್ಯನೇ ಅವನು. ಆದರೆ ಕಾರಿಗೆ ಬೇರೆ ರೋಗ ಹತ್ತಿಕೊಂಡಿತು. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಆಮೀಟರಿನ ಮುಳ್ಳು ಬಲಕ್ಕೆ ಹೋದರೆ ಬ್ಯಾಟರಿಗೆ ಕರೆಂಟು ತುಂಬುತ್ತಿದೆ, ಎಡಕ್ಕೆ ಬಿದ್ದರೆ ಬ್ಯಾಟರಿ ಬರಿದಾಗುತ್ತಿದೆ ಎಂದು ಲೆಕ್ಕ. ಈಗ ಅದು ಎಡಕ್ಕೆ ಬಿದ್ದು ಮಲಗಿತ್ತು. ಕೊಳಾಲದ ಹತ್ತಿರ ಕಾರು ನಡುರಸ್ತೆಯಲ್ಲಿ ನಿಂತೇ ಹೋಗಿ, ಮಂಡಿ ಶಂಕರಲಿಂಗಪ್ಪ ತಾನೇ ಮಾರಿದ್ದ ಗಾಡಿಯೊಂದರ ಮೇಲೆ, ಹುಣಸೆಹಣ್ಣಿನ ಹೇರಿನ ನಡುವೆ ಕುಳಿತು ಊರಿಗೆ ಬರಬೇಕಾಯಿತು.

ಕದರಪ್ಪನ ವೈದ್ಯ ಶುರುವಾಯಿತು. ಬ್ಯಾಟರಿ ಸತ್ತಿದೆ ಎಂದ. ಹೊಸದು ಬಂತು, ಅದೂ ಮಲಗಿತು. ಡೈನಮೊದೊಳಗಿನ ಕಾರ್ಬನ್ನು ಸವೆದಿದೆ ಎಂದು ಮುಚ್ಚಳ ಬಿಚ್ಚಿ ಬೇರೆ ಕೂರಿಸಿದ. ವಾರದ ಕೊನೆಗೆ ಮುಳ್ಳು ಒಂದಿಷ್ಟು ಬಲಕ್ಕೆ ಏಳುತ್ತಿತ್ತು, ಅದರ ಜೊತೆಗೆ ಕದರಪ್ಪನ ಮೀಸೆಯೂ ಏಳುತ್ತಿತ್ತು. ಸೋಮವಾರ ಬಂತೆಂದರೆ ಎರಡೂ ಕೆಳಗೆ. ಫ್ಯಾನು ಸರಿಯಾಗಿ ತಿರುಗದೆ ಇಂಜಿನ್ನಿನ ನೀರು ಕೊತಕೊತ ಕುದಿದರೆ, ಪಾವಗಡದ ಸೀಮೆಯ ಉಪ್ಪುನೀರನ್ನು ಬೈದ. ಬ್ಯಾಟರಿ ಕೆಟ್ಟದ್ದಕ್ಕೆ ತುಮಕೂರಿನ ಅಂಗಡಿಯವನನ್ನು ಬೈದ, ಕಾರು ಕೆಟ್ಟದ್ದಕ್ಕೆ ಅದನ್ನು ಮಾರಿದ ಅಧಿಕಾರಿಯ ವಂಶವನ್ನೇ ಬೈದ. ಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ಪಟ್ಟಿ ನೋಡುವುದು ಅಕ್ಕಿ ಗಿರಣಿಯವರ ಕೆಲಸ. ತನ್ನದು ಕರೆಂಟಿನ ವಿದ್ಯೆ.

ಕೊನೆಗೆ ಶಂಕರಲಿಂಗಪ್ಪನ ತಾಳ್ಮೆ ಮುಗಿಯಿತು. "ಸೋಮವಾರ ಅಮ್ಮ ಹರಕೆ ತೀರಿಸೋಕೆ ನಾಗಲಮಡಿಕೆಗೆ ಹೋಗ್ಬೇಕು. ಮುಳ್ಳು ಬಲಕ್ಕೆ ನಿಂತಿರ್ಬೇಕು. ಬಿತ್ತೋ, ಕೀಲಿಕೈ ಸಂಜೀವಯ್ಯನ ಕೈಗೆ. ತಿಳೀತೇನ್ಲಾ?"

ತಿಳಿಯಿತು. ಕೀಲಿಕೈ ಹೋದರೆ ಕೋಟು ಯಾತಕ್ಕೆ ಬಂತು? ಹೊಸಕೋಟೆಗೆ ಹೋಗಿ ಅಣ್ಣನ ಹೊಲದಲ್ಲಿ ಕಡಲೆಕಾಯಿ ಕೀಳಬೇಕು. ಇಷ್ಟು ವರ್ಷ ತಾನು ಯಾರನ್ನು ಕಂಡು ನಕ್ಕನೋ ಅವರೆಲ್ಲ ಬದುವಿನ ಮೇಲೆ ಸಾಲಾಗಿ ಕುಳಿತು ನಗುತ್ತಾರೆ. ಕದರಪ್ಪನಿಗೆ ನಿಜವಾಗಿಯೂ ಹೆದರಿಕೆ ಹುಟ್ಟಿತು. ಆದರೆ ಹೆದರಿಕೆ ಹುಟ್ಟಿದರೂ ಬುದ್ಧಿ ಹುಟ್ಟಲಿಲ್ಲ. ಡೈನಮೊಗೂ ಬ್ಯಾಟರಿಗೂ ನಡುವೆ ಕಾವಲು ಕೂರುವ ಸಣ್ಣ ಡಬ್ಬಿ ಕಟೌಟು. ಇನ್ನು ಉಳಿದದ್ದು ಅದೊಂದೇ ಎಂದು ಹೊಸ ಕಟೌಟು ತರಿಸಿ ಹಾಕಿದ.

ಸೋಮವಾರ ಬೆಳಗಾಗುತ್ತಲೇ ಹೊರಟರು. ಯಜಮಾನ ಮುಂದಿನ ಸೀಟಿನಲ್ಲಿ, ಬಸವಮ್ಮ ಬುತ್ತಿಯ ಗಂಟಿನೊಡನೆ ಹಿಂದೆ. ಎಷ್ಟೋ ದಿನದ ಮೇಲೆ ಕಾರು ಮತ್ತೆ ಕೂಗುತ್ತಿತ್ತು. ಕೂಗಿದರೆ ಕೂಗಲಿ, ಮುಳ್ಳು ಬಲಕ್ಕೆ ಎದ್ದಿತ್ತು! ಮಿಡಿಗೇಶಿ ಬರುವ ಹೊತ್ತಿಗೆ ಕದರಪ್ಪ ಮತ್ತೆ ಹಳೆಯ ಕದರಪ್ಪನಾದ.

"ನೋಡಿದ್ರಾ ಯಜಮಾನ್ರೇ? ಕಟೌಟು! ಈ ಸೀಮೇನಾಗೆ ಇದು ಯಾವನಿಗೆ ಗೊತ್ತಾಗ್ತಿತ್ತು ಯೋಳಿ? ಆ ಸಂಜೀವಯ್ಯಂಗಾ?"

ಹುಣಸೆಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ನು ಆರಿಸದೆಯೇ ಬಾನೆಟ್ಟು ಎತ್ತಿದ. ತನ್ನ ಕಟೌಟನ್ನು ದಾರಿಹೋಕರೂ ಕಣ್ಣು ತುಂಬ ನೋಡಲೆಂದು ಅವನ ಆಸೆ. "ನೀವು ಅಲ್ಲೇ ಕುಂತು ಮುಳ್ಳು ನೋಡ್ತಾ ಇರಿ, ಅಲ್ಲಾಡಿದ್ರೆ ನನ್ನ ಹೆಸರು ಕದರಪ್ಪ ಅಲ್ಲ," ಎಂದು ಯಜಮಾನನಿಗೆ ಹೇಳಿ, ನಿಂತು ನೋಡುತ್ತಿದ್ದ ಇಬ್ಬರು ರೈತರಿಗೆ ಪಾಠ ಶುರುಮಾಡಿದ.

ಅಷ್ಟರಲ್ಲಿ ಬಸವಮ್ಮ ಮೆಲ್ಲನೆ ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುತ್ತಿಯ ಗಂಟಿನಿಂದ ಕೀಲೆಣ್ಣೆಯ ಗೊಟ್ಟ ತೆಗೆದು, ಬಟ್ಟೆ ಸುತ್ತಿದ ಉದ್ದನೆಯ ಕಡ್ಡಿಯನ್ನು ಅದರಲ್ಲಿ ಅದ್ದಿ, ತಿರುಗುತ್ತಿದ್ದ ಪಟ್ಟಿಗೆ ಸವರಿದರು. ಕೂಗು ಬಾಯಿಗೆ ಬಟ್ಟೆ ತುರುಕಿದಂತೆ ನಿಂತಿತು.

"ಲೇ ಕದರ!" ಎಂದು ಶಂಕರಲಿಂಗಪ್ಪ ಒಳಗಿನಿಂದ ಕೂಗಿದ. "ಮುಳ್ಳು ಬಿತ್ತಲ್ಲೋ!"

ಕದರಪ್ಪ ತಿರುಗಿ ನೋಡಿದ. ಗೊಟ್ಟ ಕಂಡಿತು, ಕಡ್ಡಿ ಕಂಡಿತು, ಕರ್ರಗೆ ಮಿರುಗುತ್ತ, ಡೈನಮೊ ತಿರುಗಿಸದೆ ಅದರ ಚಕ್ರದ ಮೇಲೆ ಸುಮ್ಮನೆ ಜಾರುತ್ತಿದ್ದ ಪಟ್ಟಿ ಕಂಡಿತು.

"ಏಮಮ್ಮಾ ಇದಿ!" ಎಂದು ಅವನ ಬಾಯಿಂದ ಹೊಸಕೋಟೆಯ ತೆಲುಗೇ ಹೊರಬಿತ್ತು.

"ಯಾಕಪ್ಪ? ಹೊರಡೋ ಗಡಿಬಿಡಿನಾಗೆ ಇವತ್ತು ಹಾಕೋಕಾಗ್ಲಿಲ್ಲ," ಎಂದರು ಬಸವಮ್ಮ. "ಇಲ್ದಿದ್ರೆ ಸೋಮವಾರ ಸೋಮವಾರ ಪೂಜೆ ಆದ್ಮೇಲೆ ಆಳಿನ ಕೈಲಿ ಮುಚ್ಚಳ ಎತ್ತಿಸಿ ತಪ್ಪದೆ ಹಾಕ್ತೀನಿ. ನೀನೇ ಹೇಳಿದ್ದಲ್ವಾ?"

ಶಂಕರಲಿಂಗಪ್ಪ ಇಳಿದು ಬಂದ. "ಇವನು ಹೇಳಿದ್ನೇನಮ್ಮ?"

"ಇವನೇ ಕಣಪ್ಪ, ಎಲ್ರ ಮುಂದೇನೇ ಹೇಳ್ದ. ಕಾರಿನ ವಿಷ್ಯ ಅವನಿಗೆ ತಿಳಿದಷ್ಟು ನಮಗೆ ತಿಳೀತದಾ? ನೀವೆಲ್ಲ ಅವನ ಬೆನ್ನ ಹಿಂದೆ ನಗ್ತೀರಿ. ನಾನೊಬ್ಳು ಅವನ ಮಾತು ಮೀರಿಲ್ಲ."

ಆಕೆಯ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಕದರಪ್ಪ ಅದಕ್ಕೊಂದು ಉತ್ತರ ಕೊಟ್ಟು ಪಾರಾಗುತ್ತಿದ್ದ. ಈಗ ಕೆಲಸಕ್ಕೆ ಇಳಿಯದೆ ದಾರಿಯಿರಲಿಲ್ಲ. ಇಂಜಿನ್ನು ಆರಿಸಿದ. ಒರೆಸಲು ಕೈಗೆ ಬೇರೆ ಬಟ್ಟೆ ಸಿಗದೆ ಕೋಟು ಬಿಚ್ಚಿ, ಅದರ ತೋಳನ್ನು ಪೆಟ್ರೋಲಿನಲ್ಲಿ ಅದ್ದಿ ಪಟ್ಟಿಯನ್ನು ಉಜ್ಜಿ ಉಜ್ಜಿ ಒರೆಸಿದ. ಬೋಲ್ಟು ಸಡಿಲಿಸಿ, ಪಟ್ಟಿ ಎಳೆದು ಬಿಗಿದ. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಹ್ಯಾಂಡಲ್ ತಿರುವಿ ಕಾರು ಎಬ್ಬಿಸಿದಾಗ ಕೂಗೂ ಇರಲಿಲ್ಲ, ಮುಳ್ಳು ನೆಟ್ಟಗೆ ಬಲಕ್ಕೆ ಹೋಗಿ ನಿಂತಿತು. ರೈತರಲ್ಲೊಬ್ಬ ಕೆಮ್ಮಿದ. ಅದು ನಗುವೆಂದು ಎಲ್ಲರಿಗೂ ತಿಳಿಯಿತು.

ಕದರಪ್ಪ ಇಂಜಿನ್ನು ಆರಿಸಿ, ಕೀಲಿಕೈಯನ್ನು ತಾನಾಗಿಯೇ ಯಜಮಾನನ ಮುಂದೆ ಚಾಚಿದ.

"ಕೀಲಿಕೈ ಇಟ್ಕೊ," ಎಂದ ಶಂಕರಲಿಂಗಪ್ಪ. "ಬಾಯಿಗೊಂದು ಬೀಗ ಹಾಕ್ಕೊ."

ನಾಗಲಮಡಿಕೆಯಲ್ಲಿ ಹರಕೆ ತೀರಿತು. ಕೆಲಸ ಉಳಿಯಿತು, ಕೋಟಿನ ತೋಳಿನ ಕಪ್ಪು ಕಲೆಯೂ ಉಳಿಯಿತು. ಕದರಪ್ಪ ಆಮೇಲೂ ಊರವರನ್ನೆಲ್ಲ ಸಸಾರ ಮಾಡುತ್ತಲೇ ಇದ್ದ; ಅದು ಬಿಟ್ಟರೆ ಅವನಿಗೆ ಬೇರೆ ಬದುಕಿರಲಿಲ್ಲ. ಆದರೆ ಸೋಮವಾರ ಸೋಮವಾರ ಬಸವಮ್ಮ ವಿಭೂತಿ ಹಚ್ಚಿಕೊಂಡು ಗೊಟ್ಟ ಹಿಡಿದು ಮೆಟ್ಟಿಲಿಗೆ ಬಂದು, "ಕದರಪ್ಪ, ಇವತ್ತು ಎಣ್ಣೆ ಹಾಕ್ಲೇನಪ್ಪ?" ಎಂದು ಬೀದಿಗೆಲ್ಲ ಕೇಳುವಂತೆ ಅಕ್ಕರೆಯಿಂದ ಕೇಳುತ್ತಿದ್ದರು. "ಬ್ಯಾಡ ಅಮ್ಮೋರೇ," ಎಂದು ಅವನು ತಲೆ ತಗ್ಗಿಸಿ, ಬಾನೆಟ್ಟಿನೊಳಗೆ ಬಗ್ಗಿ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ.